ಒಂದು ಸೀಟು, ಎರಡು ಸ್ವಿಚ್ಚು

ಅರವತ್ತರ ದಶಕದ ಮೊದಲ ವರ್ಷಗಳು. ಕೊಲ್ಹಾಪುರದ ಒಂದು ಗ್ಯಾರೇಜಿನಲ್ಲಿ ನಾನು ಗಾಡಿಗಳ ವೈರಿಂಗ್ ಕೆಲಸಕ್ಕಿದ್ದೆ. ಆ ದಿನ ಅಂಗಳದಲ್ಲಿ ನಿಂತವರು ನಾಲ್ಕು ಜನ: ನಾನು, ಗಡಹಿಂಗ್ಲಜದ ಚಂದ್ರಾಬಾಯಿ, ಅವರ ಮೈದುನ ನೇಮಣ್ಣ, ಆ ಮನೆಯ ಆಸ್ತಿ ಪಾಲು ಮಾಡಿಸಿದ ಹಿರಿಯರು ಜಿನ್ನಪ್ಪ ಮಾಮಾ. ನಡುವೆ ಮಹಾಯುದ್ಧಕ್ಕೂ ಮೊದಲಿನ ಒಂದು ವಿಲಾಯತಿ ಕಾರು.

ಚಂದ್ರಾಬಾಯಿಯ ಗಂಡ ತೀರಿಕೊಂಡ ಮೇಲೆ ಹೊಲ, ಮನೆ, ಎತ್ತು ಎಲ್ಲ ಎರಡಾದವು. ಕಾರನ್ನು ಎರಡು ಮಾಡಲು ಬರುವುದಿಲ್ಲವಲ್ಲ, ವಾರಕ್ಕೊಬ್ಬರಂತೆ ಸರದಿ ಹಚ್ಚಿದರು. ನೇಮಣ್ಣನವರು ಆರಡಿ ಆಳು, ಚಂದ್ರಾಬಾಯಿ ಐದಡಿಗೂ ಕಡಿಮೆ. ತಮ್ಮ ವಾರದಲ್ಲಿ ನೇಮಣ್ಣ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಬೋಲ್ಟ್ ಹೊಡೆಸಿಬಿಟ್ಟರು. ಬೆನ್ನಿಗೆ ದಿಂಬಿಟ್ಟುಕೊಂಡು ಓಡಿಸಿದ ಬಾಯಿಯ ಕಾಲು ಬ್ರೇಕಿನಿಂದ ಜಾರಿ, ಕಾರು ಕಬ್ಬಿನ ಗಾಡಿಗೆ ತಗುಲಿತು. ಡ್ರೈವರನನ್ನು ಇಟ್ಟರೆ ಅವನೂ ನೇಮಣ್ಣನವರ ಮಾತೇ ಕೇಳುತ್ತಾನೆಂದು ಬಾಯಿಗೆ ಗೊತ್ತಿತ್ತು.

“ಕಾಲ ಮುಟ್ಟಲಾರದವ್ರಿಗೆ ಕಾರ್ ಯಾಕ್ರೀ ವೈನಿ? ಮಣಿ ಮ್ಯಾಲ ಕುಂತು ರೊಟ್ಟಿ ಬಡೀರಿ,” ಎಂದರು ನೇಮಣ್ಣ ಆ ದಿನ ಅಂಗಳದಲ್ಲಿ, ಅತ್ತಿಗೆಗೆ.

“ನಿನ್ನ ಕಾಲ ಭಾಳ ಉದ್ದ ಅದಾವಲ್ಲ ನೇಮಣ್ಣ, ನಡಕೋತ ಹೋಗು.”

ಮಾಮಾ ಇಬ್ಬರನ್ನೂ ಸುಮ್ಮನಾಗಿಸಿದರು. “ಹೆದ್ದಾರಿಗುಂಟ ಕಾಗಲ ಊರ ತನಕ ನೀ ಒಬ್ಬಾಕಿನ ನಡಸಬೇಕವ್ವಾ. ಆಗಲಿಲ್ಲಂದ್ರ ಕಾರ್ ನೇಮಣ್ಣಂದು.” ಕಾರು ಹೋದರೆ, ತನ್ನದೇ ಕಬ್ಬಿನ ಹೊಲ ನೋಡಲು ಬಾಯಿ ಮೈದುನನ ಅಪ್ಪಣೆ ಕಾಯಬೇಕಿತ್ತು.

ಇಚಲಕರಂಜಿಯ ಮಗ್ಗದ ಮಾಲಕರೊಬ್ಬರ ಅಮೇರಿಕನ್ ಕಾರು ಮರಕ್ಕೆ ಗುದ್ದಿ ಮೂಲೆಗೆ ಬಿದ್ದಿತ್ತು. ಅದರ ಮುಂದಿನ ಸೀಟು ಒಂದೇ ಬೆಂಚು, ಅಡಿಯಲ್ಲಿ ಮೋಟಾರು. ಸ್ವಿಚ್ ಒತ್ತಿದರೆ ಇಡೀ ಬೆಂಚು ಹಿಂದೆ ಮುಂದೆ ಸರಿಯುತ್ತದೆ. ವಾರಕ್ಕೊಮ್ಮೆ ಬೋಲ್ಟಿನ ಜಗಳ ಬೇಡ, ಕುಳಿತವರು ತಾವೇ ಸರಿಸಿಕೊಳ್ಳಲಿ ಎಂದು ಅದನ್ನೇ ತಂದು, ಬದಿಗಳನ್ನು ಕತ್ತರಿಸಿ ಈ ಕಾರಿಗೆ ಕೂರಿಸಿದೆ. ಮೋಟಾರಿಗೆ ಹನ್ನೆರಡು ವೋಲ್ಟ್ ಬೇಕು, ಕಾರಿನಲ್ಲಿ ಇರುವುದು ಆರೇ. ಡಿಕ್ಕಿಯಲ್ಲಿ ಇನ್ನೊಂದು ಆರು ವೋಲ್ಟಿನ ಬ್ಯಾಟರಿ ಇಟ್ಟು, ಎರಡನ್ನೂ ಒಂದರ ಬೆನ್ನಿಗೊಂದು ಜೋಡಿಸಿ ಸೀಟಿಗೆ ಹನ್ನೆರಡು ಕೊಟ್ಟೆ. ಕರೆಂಟ್ ಮಿತಿಮೀರಿದರೆ ತಾನು ಸುಟ್ಟು ವೈರನ್ನು ಉಳಿಸಲಿ ಎಂದು ಒಂದು ಫ್ಯೂಸ್ ಹಾಕಿದೆ.

ನೇಮಣ್ಣ ತಕರಾರು ತೆಗೆದರು. “ವೈನಿ ಕಡೆ ಸ್ವಿಚ್ ಇದ್ರ ಪಕ್ಕದಾಗ ಕುಂತಾಗ ನನ್ನ ಕಡೆನೂ ಒಂದ ಬೇಕು. ಪಾಲು ಅಂದ್ರ ಪಾಲು.” ಮಾಮಾ ಹೌದೆಂದರು. ನಾನೂ ತಲೆಯಾಡಿಸಿ ಎರಡು ಬಾಗಿಲಿಗೆ ಎರಡು ಸ್ವಿಚ್ ಹಚ್ಚಿದೆ. ತಪ್ಪು ಆದದ್ದು ಅಲ್ಲಿ.

ಪರೀಕ್ಷೆಯ ದಿನ ಬಾಯಿ ಸ್ಟೇರಿಂಗಿಗೆ, ಪಕ್ಕದಲ್ಲಿ ನೇಮಣ್ಣ, ಹಿಂದೆ ಮಾಮಾ ಮತ್ತು ನಾನು. ಬಾಯಿ ಸ್ವಿಚ್ ಒತ್ತಿದರು. ಬೆಂಚು ಮುಂದೆ ಸರಿಯಿತು, ಅದರೊಂದಿಗೆ ನೇಮಣ್ಣನವರೂ ಸರಿದರು. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಲೇ ಅವರು ತಮ್ಮ ಸ್ವಿಚ್ಚನ್ನು ಹಿಂದಕ್ಕೆ ಒತ್ತಿ ಹಿಡಿದರು. ಬಾಯಿಯೂ ಬಿಡಲಿಲ್ಲ. ಮೋಟಾರು ಗುಂಯ್‌ಗುಟ್ಟುತ್ತ ನಿಂತಲ್ಲೇ ಬಿಸಿಯೇರಿ, ರಬ್ಬರ್ ಸುಟ್ಟ ವಾಸನೆ ಎದ್ದು, ಫ್ಯೂಸ್ ಹಾರಿತು. ಬಾಯಿಯ ಪಾದಕ್ಕೂ ಬ್ರೇಕಿಗೂ ಇನ್ನೂ ಗೇಣು ಅಂತರ.

“ಸಂಪಲಂ, ಮುಗೀತು! ಕೀಲಿ ತರ್ರಿ ಇಲ್ಲೆ,” ಎಂದು ನೇಮಣ್ಣ ಕೈ ಚಾಚಿದರು.

ಬಾಯಿ ಕೀಲಿಯ ಮೇಲೆ ಅಂಗೈ ಮುಚ್ಚಿ ಕುಳಿತರು. ನಾನು ಇಳಿದು, ನೇಮಣ್ಣನವರ ಬಾಗಿಲು ತೆರೆದು, ಅವರ ಸ್ವಿಚ್ಚಿನ ವೈರನ್ನು ಇಕ್ಕಳದಿಂದ ಕತ್ತರಿಸಿದೆ. ಆಮೇಲೆ ಹೊಸ ಫ್ಯೂಸ್ ಹಾಕಿದೆ.

“ಏ ಮಿಸ್ತ್ರಿ! ವೈನಿ ಪಾರ್ಟಿ ಆದ್ಯಾ?”

“ಸ್ಟೇರಿಂಗ್ ಹಿಡದಾವ್ರ ಪಾರ್ಟಿ ರೀ.”

ಮಾಮಾ ನನ್ನನ್ನು ದುರುಗುಟ್ಟಿ ನೋಡಿದರು. ಕಡೆಗೆ, “ಬಿಡವ್ವಾ ಗಾಡಿ,” ಎಂದರು.

ಬೆಂಚು ಮುಂದೆ ಬಂತು. ಹೆದ್ದಾರಿಯಲ್ಲಿ ಎದುರಿಗೆ ಲಾರಿ ಅಡ್ಡ ಬಂದಾಗ ಬಾಯಿ ಬ್ರೇಕ್ ತುಳಿದರು, ಕಾರು ಗಕ್ಕನೆ ನಿಂತಿತು.

“ಹಿಂದ ಸರಸ್ರೀ, ಮೊಣಕಾಲ ಮುರಿಯಾಕತ್ತಾವ!”

“ನಿನ್ನ ವಾರದಾಗ ಸರಸ್ಕೋ.”

ಕಾಗಲದಲ್ಲಿ ನೇಮಣ್ಣ ಕುಂಟುತ್ತ ಇಳಿದು, ಯಾರ ಮುಖವನ್ನೂ ನೋಡದೆ ಎಸ್.ಟಿ. ಬಸ್ಸು ಹತ್ತಿದರು. ಆಮೇಲೆ ಅವರ ಬೀಗರು, ನೆಂಟರು ಯಾರೂ ನನ್ನ ಹತ್ತಿರ ಗಾಡಿ ತರಲಿಲ್ಲ. ಜಗಳವಾಡುವವರ ನಡುವೆ ಪಾಲು ಸರಿಮಾಡುವುದು ಪಂಚಾಯಿತಿ ಹಿರಿಯರ ಕೆಲಸ, ಅದನ್ನು ವೈರಿಂಗಿನಲ್ಲಿ ಮಾಡಲು ಹೋಗಬಾರದು. ಗಾಡಿಯ ಹಿಡಿತ ಅದನ್ನು ನಡೆಸುವವರ ಕೈಯಲ್ಲೇ ಇರಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು.

ಮಳೆಗಾಲ ಮುಗಿಯುವ ಮೊದಲೇ ನೇಮಣ್ಣ ಒಂದು ಜೀಪು ತಂದು, ಕಾರಿನ ಮೇಲಿನ ಹಕ್ಕು ಬಿಟ್ಟುಕೊಟ್ಟರು. ಕಬ್ಬು ಕಡಿಯುವ ಸುಗ್ಗಿಯಲ್ಲಿ ಚಂದ್ರಾಬಾಯಿ ಡಿಕ್ಕಿಯ ಬ್ಯಾಟರಿ ಚಾರ್ಜ್ ಮಾಡಿಸಲು ಗ್ಯಾರೇಜಿಗೆ ಬಂದರು. ಗಡಹಿಂಗ್ಲಜದಿಂದ ಅವರೊಬ್ಬರೇ ಕಾರು ನಡೆಸಿಕೊಂಡು ಬಂದಿದ್ದರು.