ಕೊಸರಿನ ಎರಡು ನಿಮಿಷ

ಫಿಲ್ಮ್ ತೊಳೆಯುವ ಹುಚ್ಚು ನನಗೆ ಹತ್ತಿದ್ದು ನಲವತ್ತು ದಾಟಿದ ಮೇಲೆ. ಆನವಟ್ಟಿಯಲ್ಲಿ ಹಳೇ ಸ್ಟುಡಿಯೋ ಮುಚ್ಚುತ್ತಿದ್ದವರೊಬ್ಬರು ಒಂದು ಕ್ಯಾಮೆರಾ, ಫಿಲ್ಮ್ ತೊಳೆಯುವ ಕಪ್ಪು ಡಬ್ಬಿ ಎರಡನ್ನೂ ‘ತಗೊಂಡ್ಹೋಗಿ ಮೇಡಂ, ಗುಜರಿಗೆ ಹಾಕೋ ಬದ್ಲು’ ಎಂದು ಕೊಟ್ಟರು. ಬೇಡ ಅನ್ನಲು ನನಗೆ ಬರುವುದಿಲ್ಲ. ಶಿಕಾರಿಪುರದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವವಳು, ಇಷ್ಟು ಮಾಡಲಾರೆನೇ ಎಂಬ ಜಂಬ ಬೇರೆ.

ಜಂಬ ಮೊದಲ ಬೇಸಿಗೆಯಲ್ಲೇ ಇಳಿಯಿತು. ನಮ್ಮ ನಲ್ಲಿಯ ನೀರು ಏಪ್ರಿಲ್‌ನಲ್ಲಿ ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ. ಫಿಲ್ಮಿನ ಮೇಲಿನ ಪದರ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದು ಬಂತು. ಇನ್ನೊಂದು ಸಲ ಬೆವರಿದ ಕೈಯಲ್ಲಿ ಸುರುಳಿ ಸುತ್ತಿ ಎರಡು ಸುತ್ತು ಅಂಟಿಕೊಂಡವು. ಮತ್ತೊಂದು ಸಲ ಯಾವ ಚೊಂಬಿನಲ್ಲಿ ಯಾವ ಕೆಮಿಕಲ್ ಇದೆಯೆಂಬುದೇ ಮರೆತು, ಕೊನೆಗೆ ಹಾಕಬೇಕಾದ್ದನ್ನು ಮೊದಲು ಸುರಿದೆ. ಏನೂ ಮೂಡದ ಬೋಳು ಫಿಲ್ಮ್ ಕೈಗೆ ಬಂತು. ನನ್ನ ಗಂಡ ಅದನ್ನು ಬೆಳಕಿಗೆ ಹಿಡಿದು, ‘ಫೋಟೋ ಚೆನ್ನಾಗಿದೆ, ಯಾರೂ ಇಲ್ಲ ಅಷ್ಟೆ’ ಎಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಕೊನೆಗೆ ಉಳವಿಯಲ್ಲಿರುವ ಅತ್ತೆಯ ಮನೆಯೇ ಗತಿಯಾಯಿತು. ಅಲ್ಲಿ ಬಾವಿ ನೀರು ಬೇಸಿಗೆಯಲ್ಲೂ ತಣ್ಣಗೆ. ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ, ಭತ್ತದ ಕೋಣೆಯಲ್ಲಿ ಕಂಬಳಿ ಹೊದ್ದು ಕತ್ತಲಲ್ಲೇ ಫಿಲ್ಮನ್ನು ಡಬ್ಬಿಗೆ ಸೇರಿಸಿ, ಬಚ್ಚಲಲ್ಲಿ ಕೂರುತ್ತಿದ್ದೆ. ಮೊದಲ ಕೆಮಿಕಲ್ ಎಂಟು ನಿಮಿಷ ಇರಬೇಕು. ನನ್ನ ಕೈ ಒದ್ದೆ, ಹಾಗಾಗಿ ಗಡಿಯಾರ ನೋಡಿ ಎಣಿಸುವುದು ಅತ್ತೆಯ ಕೆಲಸ. ಆಳುಗಳಿಗೆ ಭತ್ತ ಅಳೆದು ಪಳಗಿದವರು ಅವರು. ಒಂದು ಅನ್ನುತ್ತಿರಲಿಲ್ಲ. ಕೊಳಗ ಎಣಿಸುವಂತೆಯೇ ‘ಲಾಭ’ ಎಂದು ಶುರು ಮಾಡಿ ಎರಡು, ಮೂರು ಎಂದು ಹೋಗುತ್ತಿದ್ದರು. ಆ ದನಿ ಕೇಳುತ್ತ, ಡಬ್ಬಿ ತಿರುಗಿಸುತ್ತ ಕಳೆದ ಬೆಳಗುಗಳನ್ನು ನೆನೆದರೆ ಈಗಲೂ ಮನಸ್ಸು ತಂಪಾಗುತ್ತದೆ. ಹೆತ್ತಮ್ಮನ ಜೊತೆಗೂ ನಾನು ಅಷ್ಟು ಹೊತ್ತು ಸುಮ್ಮನೆ ಕೂತವಳಲ್ಲ.

ಆದರೆ ಫಿಲ್ಮುಗಳು ಮಾತ್ರ ಕಪ್ಪಗೆ ದಟ್ಟವಾಗಿ ಬರುತ್ತಿದ್ದವು. ಫೋಟೋ ಮಾಡಿಸಿದರೆ ಎಲ್ಲರ ಮುಖಕ್ಕೂ ಸುಣ್ಣ ಬಳಿದಂತೆ. ಒಂದು ದಿನ ನಾನೇ ಗಡಿಯಾರ ನೋಡಿದೆ. ಎಂಟು ಎಂದ ಮೇಲೂ ಅತ್ತೆ ಎರಡು ನಿಮಿಷ ಸುಮ್ಮನಿದ್ದು, ಆಮೇಲೆ ‘ಚೆಲ್ಲು’ ಎಂದರು.

‘ಅತ್ತೆ, ಎಂಟಾಗಿ ಆಗ್ಲೇ ಎರಡು ನಿಮಿಷ ಆಯ್ತಲ್ಲ!’

‘ಕೊಸರು ಕಣೆ. ಅಳತೆ ಅಂದ್ಮೇಲೆ ಮೇಲೊಂದು ಹಿಡಿ ಹಾಕ್ದೆ ಕೊಡಕ್ಕಾಗ್ತದಾ?’

ನಕ್ಕುಬಿಡಬಹುದಿತ್ತು. ಆದರೆ ನನ್ನೊಳಗಿನ ಟೀಚರಮ್ಮ ಎದ್ದು ಕೂತಳು. ಇನ್ನು ಮೇಲೆ ಫೋನಿನಲ್ಲಿ ಅಲಾರಂ ಇಡುತ್ತೇನೆ, ನೀವು ಎಣಿಸುವುದು ಬೇಡ ಎಂದೆ. ಅತ್ತೆ ಎದ್ದು ಒಳಗೆ ಹೋದರು.

ಅದೇ ಸುಮಾರಿಗೆ ಚಂದ್ರಗುತ್ತಿಯಲ್ಲಿದ್ದ ಅತ್ತೆಯ ಅಕ್ಕ ಫೋಟೋಕ್ಕೆ ಒಪ್ಪಿದರು. ಯಾರಾದರೂ ಫೋನು ಎತ್ತಿದರೆ ಸಾಕು, ಮುಖಕ್ಕೆ ಸೆರಗು ಎಳೆದುಕೊಳ್ಳುವವರು. ‘ಕಂಡೋರ ಸ್ಟೇಟಸ್ಸಲ್ಲೆಲ್ಲ ನನ್ ಮುಖ ಬರೋದು ಬ್ಯಾಡ’ ಎಂಬ ಹಟ. ಇದ್ದದ್ದು ಆಧಾರ್ ಕಾರ್ಡಿನ ಚಿತ್ರ ಒಂದೇ, ಅದರಲ್ಲಿರುವುದು ಯಾರೆಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. ನನ್ನ ಕ್ಯಾಮೆರಾದ ಫೋಟೋ ಯಾರ ಫೋನಿಗೂ ಹೋಗುವುದಿಲ್ಲ ಎಂದು ಅತ್ತೆ ಅವರನ್ನು ಒಪ್ಪಿಸಿದ್ದರು. ಒಲೆಯ ಮುಂದಿನಿಂದ ಏಳಲು ಮಾತ್ರ ಆಕೆ ಒಪ್ಪಲಿಲ್ಲ. ಆ ಮಬ್ಬಿನಲ್ಲೇ ಅಕ್ಕತಂಗಿಯರನ್ನು ಪಕ್ಕಪಕ್ಕ ಕೂರಿಸಿ ಆರೇಳು ಫೋಟೋ ತೆಗೆದೆ. ಫಿಲ್ಮ್ ತೊಳೆಯಲು ನನಗೆ ಬಿಡುವಾಗುವ ಮೊದಲೇ ಆಕೆ ತೀರಿಕೊಂಡರು.

ಕಾರ್ಯವೆಲ್ಲ ಮುಗಿದ ಮೇಲೆ ಅತ್ತೆಯೇ, ‘ಅಕ್ಕನ ಫೋಟೋ ತೊಳ್ಕೊಡೇ’ ಎಂದರು. ಎಂಟು ನಿಮಿಷಕ್ಕೆ ಫೋನು ಕೂಗಿತು. ಒಂದು ಕ್ಷಣ ಹೆಚ್ಚಿಲ್ಲದಂತೆ ಚೆಲ್ಲಿದೆ. ತೊಳೆದ ಫಿಲ್ಮನ್ನು ಬೆಳಕಿಗೆ ಹಿಡಿದರೆ ಮೂಡಿದ್ದು ಒಲೆಯ ಉರಿ, ಹೊಳೆಯುವ ಒಂದು ಚೊಂಬು, ಇಷ್ಟೇ. ಅಕ್ಕತಂಗಿಯರು ಕೂತಿದ್ದ ಜಾಗ ಬೋಳು.

ಆನವಟ್ಟಿಯ ಸ್ಟುಡಿಯೋದವರ ಮನೆ ಹುಡುಕಿಕೊಂಡು ಹೋಗಿ ತೋರಿಸಿದೆ. ‘ಮಬ್ಬಲ್ಲಿ ತೆಗ್ದಿದ್ದಕ್ಕೆ ಎರಡ್ಮೂರು ನಿಮಿಷ ಜಾಸ್ತಿ ಬಿಡ್ಬೇಕಿತ್ತು ಮೇಡಂ. ಅಷ್ಟಿಷ್ಟಾದ್ರೂ ಮುಖ ಬರ್ತಿತ್ತು’ ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಅತ್ತೆಗೆ ಮಾತ್ರ, ‘ಬೆಳಕು ಸಾಲ್ಲಿಲ್ಲ ಅತ್ತೆ’ ಎಂದಷ್ಟೇ ಹೇಳಿದೆ. ಅವರು ನನ್ನ ಬೆನ್ನು ಸವರಿ, ‘ಹೋಗ್ಲಿ ಬಿಡೆ ಮಾರಾಯ್ತಿ, ಅದಕ್ಕೆ ನೀನೇನು ಮಾಡ್ತೀಯ’ ಎಂದರು. ನನಗೆ ಸಲ್ಲದ ಆ ಸಮಾಧಾನವನ್ನು ಸುಮ್ಮನೆ ತೆಗೆದುಕೊಂಡೆ. ನೆನೆದರೆ ನಾಚಿಕೆಯಾಗುತ್ತದೆ.

ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಮೊನ್ನೆ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಹೇಳಿಬಿಟ್ಟೆ, ನೀವು ಎಣಿಸಿದ್ದರೆ ನಿಮ್ಮಕ್ಕನ ಮುಖ ಮೂಡುತ್ತಿತ್ತು ಅಂತ. ಅತ್ತೆಯ ಕೈ ನಿಂತಿತು. ಬೈಯುತ್ತಾರೆ ಅಂದುಕೊಂಡೆ.

‘ಅವತ್ತೇ ಹೇಳಿದ್ರೆ ನಾಲ್ಕು ಬೈದು ಸುಮ್ನಾಗ್ತಿದ್ದೆ’ ಎಂದರು. ಇನ್ನೊಂದು ಕಾಯಿ ಸುಲಿದರು. ‘ಈಗ ಕಣ್ಮುಚ್ಚಿದ್ರೆ ಅಕ್ಕನ ದನಿ ಬರ್ತದೆ ಕಣೆ. ಮುಖ ಬರಲ್ಲ.’