ಎಣ್ಣೆ ಕಾಣದ ಹರಿಗೋಲು

ಗಂಗಾವತಿಯ ಬೀದಿಯಲ್ಲಿ ಡಾಂಬರು ಕಾಯಿಸುವ ವಾಸನೆ ಬಂದರೆ ಈ ವಯಸ್ಸಿನಲ್ಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಬೇರೆಯವರಿಗೆ ಬಾಲ್ಯ ಎಂದರೆ ಮಲ್ಲಿಗೆಯ, ಕಾಸಿದ ತುಪ್ಪದ ವಾಸನೆಯಂತೆ. ಇರಲಿ, ಅವರ ಪುಣ್ಯ. ನನ್ನ ಬಾಲ್ಯದ ಬಾಗಿಲು ತೆರೆಯುವುದು ಈ ಕಪ್ಪು ಹೊಗೆಗೆ. ಕಳೆದುಹೋದ ಮನೆಯೊಂದು ನಿಮಗೂ ಇದ್ದರೆ, ಯಾವ ವಾಸನೆ ನಮ್ಮನ್ನು ಅಲ್ಲಿಗೆ ಎಳೆದೊಯ್ಯಬೇಕೆಂಬುದು ನಮ್ಮ ಕೈಯಲ್ಲಿಲ್ಲ ಎಂದು ನಿಮಗೂ ಗೊತ್ತಿರುತ್ತದೆ.

ನಮ್ಮ ಮನೆ ತುಂಗಭದ್ರೆಯ ದಂಡೆಯಲ್ಲಿತ್ತು. ಮನೆ ಎಂದರೆ ಬಿದಿರಿನ ರಾಶಿಯ ನಡುವೆ ಒಂದು ಒಲೆ, ಒಂದು ಚಾಪೆ, ಸದಾ ಒದ್ದೆ ಚರ್ಮದ ನಾತ. ಅಪ್ಪ ಹರಿಗೋಲು ಮಾಡುತ್ತಿದ್ದ. ಸೀಳಿದ ಬಿದಿರನ್ನು ದೊಡ್ಡ ಬುಟ್ಟಿಯ ಹಾಗೆ ಹೆಣೆದು ಹೊರಗೆ ಚರ್ಮ ಹೊಲಿಯುತ್ತಿದ್ದ. ಅವ್ವ ಅದಕ್ಕೆ ಔಡಲ ಎಣ್ಣೆ ತಿಕ್ಕಿ ತಿಕ್ಕಿ ಮೆತ್ತಗೆ ಮಾಡುತ್ತಿದ್ದಳು. ಅಪ್ಪ ಮುಟ್ಟಿದ ನೀರು ಕುಡಿಯದವರೂ ಅಪ್ಪ ಹೊಲಿದ ಚರ್ಮದ ಮೇಲೆ ಕೂತೇ ಹೊಳೆ ದಾಟುತ್ತಿದ್ದರು. ಆಗ ಯಾರ ಮಡಿಯೂ ಕೆಡುತ್ತಿರಲಿಲ್ಲ. ನಮ್ಮಲ್ಲೊಂದು ಪದ್ಧತಿಯಿತ್ತು. ಹೊಸ ಹರಿಗೋಲು ನೀರಿಗಿಳಿದರೆ ಮಾಡಿದವನ ಮಗುವೇ ಮೊದಲು ಕೂರಬೇಕು. ಮಡಿಲಲ್ಲಿ ತೆಂಗಿನಕಾಯಿ, ಬಾಯಲ್ಲಿ ಬೆಲ್ಲ, ಹೊಳೆಯಲ್ಲಿ ಒಂದು ಸುತ್ತು. ಆಮೇಲೆಯೇ ಉಳಿದವರು. ಅಕ್ಕಂದಿರು ಮದುವೆಯಾಗಿ ಹೋಗಿದ್ದರು, ಈ ಸಲದ ಸರದಿ ನನ್ನದಾಗಿತ್ತು.

ಅಷ್ಟರಲ್ಲಿ ದೊಡ್ಡ ಯುದ್ಧ ಶುರುವಾಗಿ ಚರ್ಮವೆಲ್ಲ ಸಿಪಾಯಿಗಳ ಬೂಟಿಗೆ ಹೋಯಿತು. ಹೊಳೆಯಾಚೆ ಕಲ್ಲು ಒಡೆಸುತ್ತಿದ್ದ ಗುತ್ತೇದಾರನಿಗೆ ಕೂಲಿಗಳನ್ನು ದಾಟಿಸಲು ಹರಿಗೋಲು ಬೇಕಿತ್ತು. ಅವನ ಮೇಸ್ತ್ರಿ ಚರ್ಮದ ಬದಲಿಗೆ ಗೋಣಿತಟ್ಟನ್ನೂ ಒಂದು ಚೀಲ ಕರಿಯ ಗಡ್ಡೆಗಳನ್ನೂ ತಂದು ಅಂಗಳದಲ್ಲಿ ಕೆಡವಿದ. ನಾನು ಒಂದನ್ನು ಎತ್ತಿ ನೋಡಿದೆ. ಕಲ್ಲಿನಂತಿದ್ದರೂ ಹಗುರ, ಒಡೆದ ಕಡೆ ಗಾಜಿನ ಹೊಳಪು.

"ಇದು ಭೂಮ್ಯಾಗ ಹುಟ್ಟಿದ ಡಾಂಬರಲೇ, ಪರದೇಶದ ಗಣಿಯಿಂದ ಬಂದೈತಿ," ಎಂದ ಮೇಸ್ತ್ರಿ. "ರಸ್ತಾಕ್ಕ ಇದ, ಜಹಾಜಿನ ಸಂದಿಗೆ ಇದ, ಟ್ರಂಕಿನ ಕರೀ ಬಣ್ಣಕ್ಕೂ ಇದ. ನಿನ್ನ ಹರಗೋಲಿಗೆ ಆಗೂದಿಲ್ಲೇನು?"

ಅವ್ವ ಒಂದು ಗಡ್ಡೆ ಕರಗಿಸಿ, ಗೋಣಿಯ ಚೂರಿಗೆ ಬಳಿದು, ತಣ್ಣೀರಲ್ಲಿ ಅದ್ದಿ ಬೆರಳಿಗೆ ಸುತ್ತಿದಳು. ಹಪ್ಪಳದ ಹಾಗೆ ಲಟಕ್ಕನೆ ಒಡೆಯಿತು. ಮನೆಯಲ್ಲಿ ಉಳಿದಿದ್ದ ನಾಲ್ಕು ಹನಿ ಔಡಲ ಎಣ್ಣೆ ಬೆರೆಸಿ ಬಳಿದದ್ದು ಒಡೆಯಲಿಲ್ಲ, ಚರ್ಮದಂತೆ ಬಾಗಿತು. ಎಂದೂ ಕಾಣದ ವಸ್ತುವಿನ ಗುಣವನ್ನು ಓದುಬರಹ ಇಲ್ಲದ ನನ್ನವ್ವ ಒಂದೇ ಬೆಳಗಿನಲ್ಲಿ ಅರಿತಿದ್ದಳು. ಗುತ್ತೇದಾರ ಎಣ್ಣೆಯ ಡಬ್ಬಿಯನ್ನೂ ಕಳಿಸಿದನಂತೆ. ಅದು ನಮ್ಮ ಅಂಗಳಕ್ಕೆ ಬರಲೇ ಇಲ್ಲ, ಮೇಸ್ತ್ರಿಯ ಮನೆ ಸೇರಿತು. ಎಣ್ಣೆ ಕೇಳಿದ ಅಪ್ಪನಿಗೆ ಸಿಕ್ಕಿದ್ದು ಬೈಗುಳ. ಮೇಸ್ತ್ರಿ ಬರೀ ಗಡ್ಡೆ ಕರಗಿಸಿ ಬಳಿಸಿದ. ಬಿಸಿಲಿಗೆ ಹರಿಗೋಲು ಮಿರಮಿರನೆ ಮಿಂಚಿತು.

ಅವತ್ತು ಅವ್ವ ನನಗೆ ಜಡೆ ಹಾಕಿದಳು, ಮಡಿಲಿಗೆ ಕಾಯಿ ಇಟ್ಟಳು. ಮೇಸ್ತ್ರಿ, ಕೂಲಿಗಳು ಎಲ್ಲ ದಂಡೆಯಲ್ಲಿ ನಿಂತಿದ್ದರು. ಅಪ್ಪ ನನ್ನನ್ನೆತ್ತಿ ಹರಿಗೋಲಿನಲ್ಲಿ ಕೂರಿಸಿದ. ನನ್ನ ಮುಖ ನೋಡಿದ. ಮತ್ತೆ ಎತ್ತಿ ಕೆಳಗಿಳಿಸಿದ.

"ನನ್ನ ಮಗಳು ಕುಂದ್ರೂದಿಲ್ರಿ. ಇದು ನಡೂ ಹೊಳ್ಯಾಗ ಒಡಿತೈತಿ."

"ಯಾಕಲೇ, ನಿನ್ನ ಮಗಳೇನು ನವಾಬನ ಮಗಳೇನು?" ಎಂದ ಮೇಸ್ತ್ರಿ.

"ಅಲ್ರಿ. ನನ್ನ ಮಗಳ್ರಿ. ಅದಕ್ಕ."

ಮೇಸ್ತ್ರಿ ಎಲ್ಲರೆದುರು ಅಪ್ಪನ ಕಪಾಳಕ್ಕೆ ಹೊಡೆದ. ಆದರೆ ಮಾಡಿದವನ ಮಗು ಕೂರದ ಹರಿಗೋಲಿಗೆ ಒಬ್ಬ ಕೂಲಿಯೂ ಕಾಲಿಡಲಿಲ್ಲ. ನನಗಾದರೋ ಸಿಟ್ಟು ಬಂದದ್ದು ಅಪ್ಪನ ಮೇಲೆ! ನನ್ನ ಸರದಿಯನ್ನು ಕಿತ್ತುಕೊಂಡ ಎಂದು ಅತ್ತು ರಂಪ ಮಾಡಿ ಮಾತು ಬಿಟ್ಟೆ. "ಯವ್ವಾ, ಉಣ್ಣು ಬಾ," ಎಂದು ಅವನು ಕರೆದರೆ ಗೋಡೆಗೆ ಮುಖ ತಿರುಗಿಸುತ್ತಿದ್ದೆ.

ನಾಲ್ಕನೆಯ ದಿನ ಮೇಸ್ತ್ರಿ ನಮ್ಮ ಪದ್ಧತಿ ಗೊತ್ತಿಲ್ಲದ ದೂರದ ಸೀಮೆಯ ಕೂಲಿಗಳನ್ನು ಕರೆತಂದ. ಮೊದಲು ಹತ್ತಿದವಳು ಒಬ್ಬ ಹೆಂಗಸು. ತಣ್ಣನೆಯ ನೀರು ತಾಗಿ ಸೆಟೆದ ಕಪ್ಪು ಲೇಪ ನಡುಹೊಳೆಯಲ್ಲಿ ಬಿರುಕು ಬಿಟ್ಟು ಹರಿಗೋಲು ಮುಳುಗಿತು. ಗಂಡಸರು ಈಜಿ ದಡ ಸೇರಿದರು. ಆಕೆ ಬರಲಿಲ್ಲ. ಸಂಜೆ ಪೊಲೀಸರು ಬಂದು ಹಿಡಿದೊಯ್ದದ್ದು ಮೇಸ್ತ್ರಿಯನ್ನಲ್ಲ, ಹರಿಗೋಲು ಮಾಡಿದ ಅಪ್ಪನನ್ನು. ಬೇಡ ಎಂದವನನ್ನೇ! ಮೇಸ್ತ್ರಿ ಮಾತ್ರ ಅದೇ ದಂಡೆಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಅವನ ಆ ಬೀಡಿ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದೆ.

ಅಪ್ಪ ತಿಂಗಳ ಮೇಲೆ ಕುಂಟುತ್ತ ಮರಳಿದ. ಓಡಿಹೋಗಿ ತಬ್ಬಿಕೊಂಡೆ, ಅವನು ತಲೆ ಸವರಿದ. ಆಮೇಲೆ ಅವನು ಬಿದಿರು ಮುಟ್ಟಲಿಲ್ಲ. ದಂಡೆಯಲ್ಲಿ ಕೂತು, ಆಚೆಯಿಂದ ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದ: "ಆಕಿ ಹೆಸರೇನಿತ್ತು, ಗೊತ್ತೇನ್ರಿ?" ಯಾರಿಗೂ ಗೊತ್ತಿರಲಿಲ್ಲ. ಗುತ್ತೇದಾರನ ಕಡೆಯವರು ಬರೆದುಕೊಂಡಿರಲೂ ಇಲ್ಲ.

ಅಪ್ಪ ಹೋದ, ಅವ್ವ ಹೋದಳು, ಬಿದಿರಿನ ಅಂಗಳವೂ ಹೋಯಿತು. ಅಪ್ಪನ ಪ್ರಶ್ನೆಯನ್ನು ನಾನೂ ಬಹಳ ವರ್ಷ ಕೇಳುತ್ತ ತಿರುಗಿದೆ. ನನ್ನ ಜಾಗದಲ್ಲಿ ಕೂತು ಹೋದವಳ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.