ಪಾಲುದಾರ ಸಿಕ್ಕ ದಿನ

ಬೈಲಹೊಂಗಲದಿಂದ ಮುರಗೋಡದ ಮೇಲೆ ಸವದತ್ತಿಗೆ ಕ್ರೂಸರ್ ಜೀಪು ಓಡಿಸುವವರಲ್ಲಿ ರಫೀಕ್ ಎಂದರೆ ಜನಕ್ಕೆ ನಂಬಿಕೆ. ಬಸುರಿ ಹೆಂಗಸರನ್ನು ಅವನ ಗಾಡಿಯನ್ನೇ ಹುಡುಕಿ ಹತ್ತಿಸುತ್ತಿದ್ದರು. ಅಂಥವನಿಗೆ ನಲವತ್ತರ ಹೊತ್ತಿಗೆ, ಪಕ್ಕದಲ್ಲಿ ಬರುವ ಬೈಕುಗಳು ಎಲ್ಲಿಂದಲೋ ಉದುರಿದಂತೆ ಒಮ್ಮೆಲೇ ಕಾಣತೊಡಗಿದವು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಪರೀಕ್ಷಿಸಿ, ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಿದೆ, ಇದಕ್ಕಿನ್ನೂ ಔಷಧವಿಲ್ಲ, ಇನ್ನು ಗಾಡಿ ಓಡಿಸಬೇಡಿ ಎಂದರು. ಹೈದರಾಬಾದಿನ ಸಣ್ಣ ಕಂಪನಿಯೊಂದು ಒಂದು ಔಷಧ ಪ್ರಯತ್ನಿಸುತ್ತಿದೆ, ದೊಡ್ಡ ಕಂಪನಿ ಯಾವುದಾದರೂ ಕೈಜೋಡಿಸಿದರೆ ಮುಂದುವರಿದೀತು ಎಂದೂ ಮಾತಿಗೆ ಹೇಳಿದರು.

ರಫೀಕ್ ಆ ಕೊನೆಯ ಮಾತನ್ನಷ್ಟೇ ಹಿಡಿದುಕೊಂಡ. ಹೆಂಡತಿ ನಿಲೋಫರಳಿಗೆ ಏನೂ ಹೇಳಲಿಲ್ಲ.

ಬಸ್ ಸ್ಟ್ಯಾಂಡ್ ಎದುರು ಮೊಬೈಲ್ ಅಂಗಡಿ ಇಟ್ಟಿದ್ದ ಸಾಗರನಿಗೆ ಶೇರಿನ ಹುಚ್ಚು. ರಫೀಕ್ ಅವನ ಮೂಲಕವೇ ಆ ಹೈದರಾಬಾದಿನ ಕಂಪನಿಯ ಶೇರು ಕೊಂಡು, ಅವನ ವಾಟ್ಸಾಪ್ ಗುಂಪಿಗೂ ಸೇರಿದ. ಅಲ್ಲಿ ಬೆಳಗಿನಿಂದ ಅದೇ ಮಾತು. ಜರ್ಮನಿಯವರು ಬಂದು ಹೋದರಂತೆ, ಜಪಾನಿನವರು ಕೇಳುತ್ತಿದ್ದಾರಂತೆ, ಯಾರೂ ಬರದಿದ್ದರೆ ಕಂಪನಿ ಬಾಗಿಲು ಹಾಕುತ್ತದಂತೆ. ಉಳಿದವರಿಗೆ ಅದೊಂದು ಆಟ. ರಫೀಕ್ ಒಂದೊಂದು 'ಅಂತೆ'ಯನ್ನೂ ಎರಡೆರಡು ಸಲ ಓದುತ್ತಿದ್ದ. ಕಂಪನಿಗೆ ಪಾಲುದಾರ ಸಿಗುವವರೆಗೆ ಹೇಗೋ ನೂಕೋಣ ಎಂದು, ಎರಡೂ ಕಡೆ ಕತ್ತು ಹೊರಳಿಸಿ ಹೊರಳಿಸಿ ಗಾಡಿ ಓಡಿಸುತ್ತಿದ್ದ.

ಒಂದು ಸಂಜೆ ಮುರಗೋಡದಲ್ಲಿ ಜನರನ್ನು ಇಳಿಸಿ ಮುಂದೆ ಹೊರಟ.

"ರಫೀಕಣ್ಣಾ, ನಿಲ್ಲಸ್ರಿ! ಎಡಕ್ಕ ಮುದುಕಿ ಅದಾಳ್ರಿ!" ಹಿಂದಿನ ಸೀಟಿನವರು ಚೀರಿದರು.

ಬ್ರೇಕ್ ತುಳಿದ. ಆಗಷ್ಟೇ ಇಳಿದಿದ್ದ ಶಟ್ಟೆವ್ವ ಬಂಪರಿನ ಎಡ ಮೂಲೆಗೆ ಕೈಯೂರಿ ನಿಂತಿದ್ದಳು. "ಇಷ್ಟ ಹತ್ತಿರ ನಿಂತೇನಿ, ಕಾಣಲಿಲ್ಲೇನೋ ತಮ್ಮಾ?"

"ಬಿಸಲು ಕಣ್ಣಿಗೆ ಹೊಡೀತಬೇ ಯವ್ವಾ" ಎಂದ. ಸೂರ್ಯ ಅವನ ಬೆನ್ನ ಹಿಂದಿದ್ದ.

ಮರುದಿನ ಸಾಗರ ಅಂಗಡಿಯಿಂದಲೇ ಕೂಗಿದ: "ಬರ್ರಿ ರಫೀಕಣ್ಣಾ, ಪಾರ್ಟ್ನರ್ ಸಿಕ್ಕಾನ! ಶೇರು ಹಾರಾಕ ಹತ್ತೇತಿ!" ಕೈಗೆ ಪೇಢೆ ಇಟ್ಟ. ರಫೀಕನ ಕಣ್ಣು ತುಂಬಿತು.

"ಪೂರಾ ಓದಿ ಹೇಳೋ ಸಾಗರ. ಕಣ್ಣಿನ ಔಷಧ ಯಾವಾಗ ಬರತೈತಂತ?"

ಸಾಗರ ಓದುತ್ತ ಓದುತ್ತ ನಿಧಾನವಾದ. "ಅವರು ಸಕ್ಕರಿ ಬ್ಯಾನಿ ಔಷಧಕ್ಕ ಕೈ ಜೋಡಿಸ್ಯಾರ. ಕಣ್ಣಿಂದು ನಿಲ್ಲಸ್ಯಾರಂತ. ನಿಮಗ್ಯಾಕ ಅದು? ರೇಟ್ ಇನ್ನೂ ಏರತೈತಿ, ಮಾರಬ್ಯಾಡ್ರಿ."

ಹೊರಗೆ ಗಾಡಿ ತುಂಬಿತ್ತು. ರಫೀಕ್ ಸೀಟಿಗೆ ಹತ್ತಿ ಕೀಲಿ ತೂರಿಸಿದ. ತಿರುವಲು ಕೈ ಏಳಲಿಲ್ಲ. ಎಡಕ್ಕೆ ಯಾರಾದರೂ ನಿಂತಿದ್ದರೆ? ಜನರನ್ನೆಲ್ಲ ಬೇರೆ ಗಾಡಿಗೆ ಹತ್ತಿಸಿ ಮನೆಗೆ ನಡೆದು, ನಿಲೋಫರಳ ಮುಂದೆ ಎಲ್ಲವನ್ನೂ ಹೇಳಿದ.

ಅವಳು, "ಇಷ್ಟ ದಿನ ಸಿಮ್ರನಳನ್ನೂ ಅದ ಗಾಡ್ಯಾಗ ಸಾಲಿಗೆ ಒಯ್ದೀರಿ" ಎಂದಳು. ಮಗಳ ಹೆಸರು ಕೇಳಿದ್ದೇ ರಫೀಕ್ ಜೇಬಿನಿಂದ ಗಾಡಿಯ ಕೀಲಿ ತೆಗೆದು ಅವಳ ಮುಂದಿಟ್ಟ.

ಈಗ ಕ್ರೂಸರನ್ನು ಅವನ ತಮ್ಮ ಖಾಲಿದ್ ಓಡಿಸುತ್ತಾನೆ. ರಫೀಕ್ ಸ್ಟ್ಯಾಂಡಿನಲ್ಲಿ ನಿಂತು "ಮುರಗೋಡ, ಸವದತ್ತಿ" ಎಂದು ಜನರನ್ನು ಕರೆಯುತ್ತಾನೆ. ಶೇರು ಮಾರಿದ, ಗುಂಪು ಬಿಟ್ಟ. ಆದರೆ ಬೆಳಗ್ಗೆ ಎಚ್ಚರವಾದ ಕೂಡಲೇ ಅಲುಗಾಡದೆ ಮಲಗಿ, ಚಾವಣಿ ಎಲ್ಲಿಯವರೆಗೆ ಕಾಣುತ್ತದೆ ಎಂದು ನೋಡುತ್ತಾನೆ. ಪಕ್ಕದಲ್ಲಿ ನಿಲೋಫರಳೂ ಅಲುಗಾಡದೆ ಅವನ ಮುಖವನ್ನೇ ನೋಡುತ್ತಿರುತ್ತಾಳೆ.